ಗೋಧಿಯಿಲ್ಲದ ಅವರೆಕಾಳಿನ ರೊಟ್ಟಿ, ಜೊತೆಗೆ ಇಂಗಿನ ವಿಚಾರ

ಮಗಳಿಗೆ ಗ್ಲುಟೆನ್ (ಗೋಧಿಯಲ್ಲಿರುವ ಅಂಟಿನ ಅಂಶ) ಒಗ್ಗದು, ಹಾಲು-ತುಪ್ಪವನ್ನೂ ಬಿಟ್ಟಿದ್ದೇವೆ, ಅವರೆಕಾಳಿನ ಅಕ್ಕಿರೊಟ್ಟಿ ತಟ್ಟುವಾಗಲೇ ಒಡೆಯುತ್ತದೆ, ಅಂಟಿಗೆ ಗೋಧಿಹಿಟ್ಟಿನ ಬದಲು ಏನು ಸೇರಿಸಲಿ ಎಂದು ಕೇಳಿದ್ದೀರಿ. ಏನನ್ನೂ ಸೇರಿಸಬೇಕಾಗಿಲ್ಲ, ಬಹುಶಃ ತಣ್ಣೀರಿನಲ್ಲಿ ಕಲಸುತ್ತಿರುವುದೇ ತೊಂದರೆ. ಒಂದು ಲೋಟ ನೀರಿಗೆ ಉಪ್ಪು, ಒಂದು ಚಮಚ ಎಣ್ಣೆ ಹಾಕಿ, ಅದು ಮರಳುವಾಗ ಒಂದು ಲೋಟ ಅಕ್ಕಿಹಿಟ್ಟನ್ನು ಸುರಿದು, ಉರಿ ಆರಿಸಿ ಹತ್ತು ನಿಮಿಷ ಮುಚ್ಚಿಟ್ಟರೆ, ಹಿಟ್ಟಿನಲ್ಲಿರುವ ಪಿಷ್ಟವೇ ಬೆಂದು ಅಂಟು ಬಿಡುತ್ತದೆ. ಬೇಯಿಸಿದ ಕಾಳು, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ತೆಂಗಿನತುರಿ ಸೇರಿಸಿ, ಬಿಸಿಯಿರುವಾಗಲೇ ಚೆನ್ನಾಗಿ ನಾದಿ, ಎಣ್ಣೆ ಸವರಿದ ಬಾಳೆಯೆಲೆಯ ಮೇಲೆ ತಟ್ಟಿ ಎಲೆಸಮೇತ ಕಾವಲಿಗೆ ಕವುಚಿರಿ. ಎಲೆ ಬಾಡಿ ಬಣ್ಣ ತಿರುಗಿದ ಮೇಲೆ ಅದು ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಕಾಳು ಬಲಿತಿದ್ದರೆ ರಾತ್ರಿ ನೆನೆಸಿ ಹಿತುಕಿದ ಬೇಳೆಯನ್ನೇ ಬಳಸಿ; ಆಗ ಸಿಪ್ಪೆ ರೊಟ್ಟಿಯನ್ನು ಸೀಳುವುದಿಲ್ಲ.

ನೀವು ಕೇಳದಿದ್ದರೂ ಇಂಗಿನ ವಿಚಾರ ಹೇಳಲೇಬೇಕು. ಅಂಗಡಿಯಲ್ಲಿ ಸಿಗುವ ಡಬ್ಬಿಯ ಇಂಗಿಗೆ ಅನೇಕ ವೇಳೆ ಗೋಧಿಹಿಟ್ಟನ್ನೋ ಮೈದಾವನ್ನೋ ಬೆರೆಸಿರುತ್ತಾರೆ. ಮನೆಯಿಂದ ಚಪಾತಿಯನ್ನು ದೂರವಿಟ್ಟೂ ಸಾರಿನ ಒಗ್ಗರಣೆಯಲ್ಲಿ ಅದನ್ನೇ ಹಾಕುತ್ತಿದ್ದವರಲ್ಲಿ ನಾನೂ ಒಬ್ಬಳು. ಡಬ್ಬಿಯ ಹಿಂಬದಿಯನ್ನು ಓದಿ, ಅನುಮಾನವಿದ್ದರೆ ಬೆಳ್ಳುಳ್ಳಿಯ ಒಗ್ಗರಣೆ ಕೊಡಿ. ಅಕ್ಕಿ, ರಾಗಿಗಳನ್ನೂ ಗೋಧಿ ಬೀಸಿದ ಗಿರಣಿಗೆ ಕೊಡದೆ ಮನೆಯ ಮಿಕ್ಸಿಯಲ್ಲಿಯೇ ಪುಡಿಮಾಡಿ ಜರಡಿ ಹಿಡಿಯುವುದು ಕ್ಷೇಮ.