ಹಳೇ ದಪ್ಪ ಐದು ರೂಪಾಯಿ ಎಲ್ಲಿ ಹೋಯಿತು?

ಜೇಬಿಗೆ ಭಾರ ಅಂತ ಜನ ದಪ್ಪ ಐದು ರೂಪಾಯಿ ನಾಣ್ಯ ಬಿಟ್ಟರಾ ಅಂತ ಕೇಳಿದ್ದೀರಿ. ಭಾರವೇ ಕಾರಣ ಸರ್, ಆದರೆ ತೊಂದರೆ ಜೇಬಿನದಲ್ಲ, ಲೋಹದ್ದು. ಅದರ ತೂಕ 9 ಗ್ರಾಂ: ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕಲ್. 2007ರಲ್ಲಿ ನಿಕಲ್ ಬೆಲೆ ಟನ್ನಿಗೆ 50,000 ಡಾಲರ್ ಮುಟ್ಟಿದಾಗ ಒಳಗಿನ ಲೋಹವೇ ಐದು ರೂಪಾಯಿ ದಾಟಿತು. ಕರಗಿಸುವುದು ಅಪರಾಧ, ಆದರೆ ಲಾಭ ಕಂಡವರು ಸುಮ್ಮನಿರುತ್ತಾರೆಯೇ? (ಬಾಂಗ್ಲಾದೇಶಕ್ಕೆ ಸಾಗಿಸಿ ಬ್ಲೇಡು ಮಾಡುತ್ತಾರೆಂಬ ಸುದ್ದಿಯೂ ಆಗ ಬಂದಿತ್ತು. ತಾಮ್ರ-ನಿಕಲ್‌ನಲ್ಲಿ ಎಂಥ ಬ್ಲೇಡು! ಆ ಮಾತು ಸ್ಟೀಲಿನ ಒಂದು ರೂಪಾಯಿಗೆ ಸರಿ.) ಅದೇ ವರ್ಷ 6 ಗ್ರಾಂನ ಸ್ಟೀಲ್ ನಾಣ್ಯ ಬಂತು. ನಿಮ್ಮ ಬಳಿ ಹಳೆಯದಿದ್ದರೆ ಧಾರಾಳವಾಗಿ ಖರ್ಚು ಮಾಡಿ, ಅದು ಇವತ್ತಿಗೂ ನಡೆಯುತ್ತದೆ.