ಓದುಗರ ಪ್ರಶ್ನೆ: ಗಿನಿಪಿಗ್‌ಗೆ ಆಪರೇಷನ್ ಆದಾಗ ಮನೆಯವರು ಮಾಡಬೇಕಾದ್ದು

ಗಿನಿಪಿಗ್ ಸಾಕಿದವರಿಂದ ಬಂದ ಪತ್ರಗಳಲ್ಲಿ ಈ ಸಲ ಕಾಯಿಲೆ, ಆಪರೇಷನ್ ಕುರಿತ ಪ್ರಶ್ನೆಗಳೇ ಹೆಚ್ಚು. ಪ್ರಶ್ನೆ ಯಾವುದೇ ಇರಲಿ, ಉತ್ತರ ಕೊನೆಗೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ: ಈ ಪ್ರಾಣಿಯ ಹೊಟ್ಟೆ ಸದಾ ನಡೆಯುತ್ತಿರಬೇಕು. ಮೂತ್ರಕೋಶದ ಕಲ್ಲಿನಿಂದಲೋ ಆಪರೇಷನ್ನಿನ ಹೊಲಿಗೆಯಿಂದಲೋ ಸಾಯುವುದಕ್ಕಿಂತ, ಅದರ ನೋವಿಗೆ ಊಟ ಬಿಟ್ಟು ಕರುಳು ನಿಂತು ಸಾಯುವ ಭಯವೇ ದೊಡ್ಡದು.

ಪ್ರಶ್ನೆ: ನಮ್ಮ ನಾಲ್ಕು ವರ್ಷದ ಹೆಣ್ಣು ಗಿನಿಪಿಗ್ 900 ಗ್ರಾಂ ಇದೆ. ಮೂತ್ರ ಮಾಡುವಾಗ ಬೆನ್ನು ಗೂನು ಮಾಡಿ ಕಿರುಚುತ್ತದೆ, ಬಟ್ಟೆಯ ಮೇಲೆ ರಕ್ತದ ಕಲೆ. ಎಕ್ಸ್‌ರೇಯಲ್ಲಿ ಮೂತ್ರಕೋಶದ ಕಲ್ಲು ಕಂಡಿದೆ. ಆಪರೇಷನ್ ಇಲ್ಲದೆ ಬಾಳೆದಿಂಡಿನ ರಸ, ಬಾರ್ಲಿ ನೀರಿನಲ್ಲಿ ಕರಗಿಸಬಹುದೆ?
ಓದುಗರು, ಮೈಸೂರು

ಕರಗುವುದಿಲ್ಲ. ನಾಯಿ, ಬೆಕ್ಕಿನ ಕೆಲವು ಬಗೆಯ ಕಲ್ಲುಗಳನ್ನು ಆಹಾರ ಬದಲಿಸಿ ಕರಗಿಸಲು ಬರುತ್ತದೆ. ಗಿನಿಪಿಗ್‌ನದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಕಲ್ಲು, ಸುಣ್ಣಕಲ್ಲಿನ ಜಾತಿಯದೇ. ಅದಕ್ಕೇ ಎಕ್ಸ್‌ರೇಯಲ್ಲಿ ಅಷ್ಟು ಬೆಳ್ಳಗೆ ಕಾಣುತ್ತದೆ. ಇದರ ಮೂತ್ರ ಸಹಜವಾಗಿಯೇ ಕ್ಷಾರ ಗುಣದ್ದು, ಪಿಎಚ್ 8ರಿಂದ 9. ಅದನ್ನು ಬದಲಿಸಿ ಕಲ್ಲು ಕರಗಿಸುವ ಔಷಧ ಇಲ್ಲ. ಮನೆಮದ್ದು ಮಾಡುತ್ತ ಎರಡು ವಾರ ಕಳೆದರೆ ಅಷ್ಟು ದಿನವೂ ಅದು ನೋವಿನಲ್ಲಿರುತ್ತದೆ, ತೂಕ ಇಳಿಯುತ್ತದೆ. ಇಳಿದ ತೂಕದಲ್ಲಿ ಅರಿವಳಿಕೆ ತಡೆದುಕೊಳ್ಳುವುದು ಇನ್ನಷ್ಟು ಕಷ್ಟ.

ಹೆಣ್ಣಿಗೆ ಒಂದು ಅನುಕೂಲವಿದೆ. ಅದರ ಮೂತ್ರನಾಳ ಗಿಡ್ಡ. ಸಣ್ಣ ಕಲ್ಲು ನಾಳದ ಬಾಯಿಯವರೆಗೆ ಬಂದಿದ್ದರೆ ಅರಿವಳಿಕೆ ಕೊಟ್ಟು, ಹೊಟ್ಟೆ ಕೊಯ್ಯದೆಯೇ ತೆಗೆಯಲು ಸಾಧ್ಯವಾಗುತ್ತದೆ. ಕಲ್ಲು ಜಾಗ ಬದಲಿಸುವುದರಿಂದ, ಆಪರೇಷನ್ ದಿನ ಬೆಳಿಗ್ಗೆ ಇನ್ನೊಂದು ಎಕ್ಸ್‌ರೇ ತೆಗೆಯಲು ಕೇಳಿ. ಗಂಡಿನಲ್ಲಿ ನಾಳ ಉದ್ದ, ಸಪೂರ. ಅಲ್ಲಿ ಕಲ್ಲು ಸಿಕ್ಕಿಕೊಂಡು ಮೂತ್ರ ನಿಂತರೆ ಅದು ಆ ಗಂಟೆಯೇ ಆಸ್ಪತ್ರೆಗೆ ಓಡಬೇಕಾದ ಸ್ಥಿತಿ.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ಹಾಸಿದ ಬಟ್ಟೆಯ ಮೇಲೆ ಮೂತ್ರ ಒಣಗಿ ಬಿಳಿ ಪುಡಿ ಉಳಿಯುವುದು ಸಹಜ, ಹೆಚ್ಚಾದ ಕ್ಯಾಲ್ಸಿಯಂ ಹೋಗುವ ದಾರಿಯೇ ಅದು. ಬೆರಳಲ್ಲಿ ಉಜ್ಜಿದರೆ ಮರಳಿನಂತೆ ತಾಗಿದರೆ ಮಾತ್ರ ತೋರಿಸಿ. ಕೆಂಪು ಕಂಡದ್ದೆಲ್ಲ ರಕ್ತವಲ್ಲ. ಬೀಟ್‌ರೂಟ್ ತಿಂದರೂ, ಮೂತ್ರ ಗಾಳಿಗೆ ಆರಿದರೂ ಕೇಸರಿ, ಕಂದು ಬಣ್ಣ ಬರುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಮೂತ್ರ ಪರೀಕ್ಷೆಯ ಸ್ಟ್ರಿಪ್ ಅದ್ದಿದರೆ ರಕ್ತವೋ ಅಲ್ಲವೋ ತಿಳಿಯುತ್ತದೆ. ಹೆಣ್ಣಿನಲ್ಲಿ ರಕ್ತ ಗರ್ಭಕೋಶದಿಂದಲೂ ಬರಬಹುದು, ಹಾಗಾಗಿ ಸ್ಕ್ಯಾನಿಂಗ್ ಮಾಡಿಸುವುದು ಒಳ್ಳೆಯದು.

ಡಾಕ್ಟರನ್ನು ಆರಿಸುವಾಗ ಸಂಕೋಚ ಬೇಡ. ಮೊಲ, ಗಿನಿಪಿಗ್‌ಗಳಿಗೆ ಅರಿವಳಿಕೆ ಕೊಟ್ಟು ರೂಢಿ ಇದೆಯೇ, ಅರಿವಳಿಕೆಗೆ ಬಳಸುವ ಐಸೊಫ್ಲುರೇನ್ ಗ್ಯಾಸ್ ಇದೆಯೇ, ಟೇಬಲ್ ಮೇಲೆ ಮೈ ಬೆಚ್ಚಗಿಡಲು ಏನು ಮಾಡುತ್ತೀರಿ, ನೋವಿನ ಔಷಧ ಎಷ್ಟು ದಿನ ಕೊಡುತ್ತೀರಿ ಎಂದು ನೇರವಾಗಿ ಕೇಳಿ. ಊರಿನಲ್ಲಿ ಯಾರೂ ಸಿಗದಿದ್ದರೆ ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಿಗೆ ಫೋನ್ ಮಾಡಿ ವಿಚಾರಿಸಿ, ಆಮೇಲೆ ಪ್ರಯಾಣ ಹೊರಡಿ.

ಪ್ರಶ್ನೆ: ಆಪರೇಷನ್ನಿನ ಹಿಂದಿನ ರಾತ್ರಿಯಿಂದಲೇ ಏನೂ ಕೊಡಬೇಡಿ ಎಂದು ಕ್ಲಿನಿಕ್ಕಿನಲ್ಲಿ ಹೇಳಿದ್ದಾರೆ. ಹಾಗೇ ಮಾಡಬೇಕೆ?
ಓದುಗರು, ತುಮಕೂರು

ಅದು ನಾಯಿ, ಬೆಕ್ಕಿನ ಲೆಕ್ಕ. ಅವು ಮತ್ತಿನಲ್ಲಿ ವಾಂತಿ ಮಾಡಿಕೊಂಡು ಶ್ವಾಸಕ್ಕೆ ಎಳೆದುಕೊಳ್ಳುತ್ತವೆಂದು ಉಪವಾಸ ಇಡುತ್ತಾರೆ. ಗಿನಿಪಿಗ್‌ಗೆ ವಾಂತಿ ಮಾಡಲು ಬರುವುದೇ ಇಲ್ಲ. ರಾತ್ರಿಯಿಡೀ ಉಪವಾಸವಿದ್ದರೆ ಕರುಳಿನ ಚಲನೆ ನಿಧಾನವಾಗುತ್ತದೆ, ಗ್ಯಾಸ್ ತುಂಬುತ್ತದೆ, ಸಕ್ಕರೆಯ ಅಂಶ ಇಳಿಯುತ್ತದೆ. ದಪ್ಪಗಿರುವ ಪ್ರಾಣಿಯಾದರೆ ಯಕೃತ್ತಿಗೆ ಕೊಬ್ಬು ನುಗ್ಗುವ ಅಪಾಯ ಬೇರೆ.

ಕೆಲವು ಡಾಕ್ಟರು ಒಂದೆರಡು ಗಂಟೆ ಮೊದಲು ಮಾತ್ರ ಆಹಾರ ತೆಗೆಯಿಸುತ್ತಾರೆ. ಅದರ ಉದ್ದೇಶ ಹೊಟ್ಟೆ ಖಾಲಿ ಮಾಡುವುದಲ್ಲ, ಬಾಯಿ ಖಾಲಿ ಮಾಡುವುದು. ಕೆನ್ನೆಯಲ್ಲಿ ಉಳಿದ ಹುಲ್ಲಿನ ಚೂರು ಮತ್ತಿನಲ್ಲಿ ಶ್ವಾಸನಾಳಕ್ಕೆ ಜಾರಬಾರದಲ್ಲ. ಅರಿವಳಿಕೆ ಕೊಡುವ ಮೊದಲು ನೀರು ಚಿಮ್ಮಿಸಿ ಬಾಯಿ ತೊಳೆಯುವ ಕ್ರಮವೂ ಇದೆ. ಡಾಕ್ಟರ ಜೊತೆಗೇ ಮಾತಾಡಿ. ಫೋನ್ ಎತ್ತಿದ ಸಿಬ್ಬಂದಿ ಎಲ್ಲ ಪ್ರಾಣಿಗಳಿಗೂ ಹೇಳುವ ಮಾತನ್ನೇ ಹೇಳಿರಬಹುದು. ಹೋಗುವಾಗ ಅದರದೇ ಹುಲ್ಲು, ದಿನವೂ ತಿನ್ನುವ ಸೊಪ್ಪು, ಮನೆಯ ವಾಸನೆಯಿರುವ ಬಟ್ಟೆ, ಹಿಂದಿನ ಒಂದು ವಾರದ ತೂಕ ಬರೆದ ಚೀಟಿ ಒಯ್ಯಿರಿ.

ಪ್ರಶ್ನೆ: ಆಪರೇಷನ್ ಆಗಿ ನಿನ್ನೆ ಸಂಜೆ ಮನೆಗೆ ತಂದೆವು. ಮೂಲೆಯಲ್ಲಿ ಕೂತಿದೆ, ಸೌತೆಕಾಯಿ ಮೂಸಿ ಬಿಡುತ್ತದೆ. ಸಿರಿಂಜಿನಲ್ಲಿ ತಿನ್ನಿಸಲು ಹೋದರೆ ಎಲ್ಲ ಹೊರಗೆ ಸುರಿಯುತ್ತದೆ. ಹೇಗೆ ತಿನ್ನಿಸುವುದು?
ಓದುಗರು, ಹುಬ್ಬಳ್ಳಿ

ತಿನ್ನಿಸುವ ಮೊದಲು ಎರಡು ವಿಷಯ ನೋಡಿ. ಮೈ ತಣ್ಣಗಿದೆಯೆ? ಇದ್ದರೆ ಮೊದಲು ಬೆಚ್ಚಗೆ ಮಾಡಿ. ಬಿಸಿನೀರಿನ ಬ್ಯಾಗನ್ನು ದಪ್ಪ ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಯ ಒಂದೇ ಬದಿಗೆ ಇಡಿ, ಸೆಖೆಯಾದರೆ ಅದು ಆಚೆ ಸರಿಯಲು ಜಾಗವಿರಲಿ. ತಣ್ಣಗಿರುವ ದೇಹಕ್ಕೆ ಊಟ ಹಾಕಿದರೆ ಕರುಳು ಅದನ್ನು ಮುಂದೆ ತಳ್ಳುವುದಿಲ್ಲ. ಎರಡನೆಯದು ನೋವು. ಕಣ್ಣು ಅರೆಮುಚ್ಚಿ, ರೋಮ ನಿಮಿರಿಸಿ, ಹಲ್ಲು ಕಡಿಯುತ್ತ ಕೂತಿದ್ದರೆ ನೋವಿನ ಔಷಧ ಸಾಲದು ಎಂದರ್ಥ. ಸಾಮಾನ್ಯವಾಗಿ ಕೊಡುವುದು ಮೆಲಾಕ್ಸಿಕ್ಯಾಂ. ಪ್ರಮಾಣ ಡಾಕ್ಟರೇ ಹೇಳಬೇಕು. ಮನೆಯ ಡಬ್ಬಿಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಮುಟ್ಟಬೇಡಿ. ಹೊಟ್ಟೆ ಡೋಲಿನಂತೆ ಬಿಗಿದಿದ್ದರೆ ತಿನ್ನಿಸುವುದನ್ನು ನಿಲ್ಲಿಸಿ, ನೇರ ಆಸ್ಪತ್ರೆಗೆ ಹೋಗಿ.

ಈಗ ಊಟ. ಸಸ್ಯಾಹಾರಿ ಪ್ರಾಣಿಗಳಿಗೆಂದೇ ಮಾಡಿದ ರಿಕವರಿ ಪುಡಿ ಸಿಕ್ಕರೆ ಅದೇ ಉತ್ತಮ. ಒಂದು ಪಾಲು ಪುಡಿಗೆ ಎರಡು ಪಾಲು ಉಗುರುಬೆಚ್ಚಗಿನ ನೀರು. ಸಿಗದಿದ್ದರೆ ಅದು ತಿನ್ನುವ ಗಿನಿಪಿಗ್ ಪೆಲೆಟ್‌ಗಳನ್ನೇ ಮಿಕ್ಸಿಯಲ್ಲಿ ಒಣಪುಡಿ ಮಾಡಿ, ಜರಡಿ ಹಿಡಿದು, ಬೆಚ್ಚನೆ ನೀರಿನಲ್ಲಿ ಹತ್ತು ನಿಮಿಷ ನೆನೆಸಿ. ಪೆಲೆಟ್ ಉಬ್ಬುತ್ತದೆ, ಆಗ ಇನ್ನಷ್ಟು ನೀರು ಸೇರಿಸಿ. ದೋಸೆ ಹಿಟ್ಟಿನ ಹದಕ್ಕಿಂತ ಕೊಂಚ ತೆಳ್ಳಗಿರಬೇಕು. ಮಗುವಿನ ಸೆರಿಲ್ಯಾಕ್, ಅನ್ನದ ಗಂಜಿ, ಹಾಲು, ಮೊಸರು ಬೇಡ. ಅವುಗಳಲ್ಲಿ ನಾರಿಲ್ಲ, ಇರುವ ಪಿಷ್ಟ, ಸಕ್ಕರೆ ಕರುಳಿನಲ್ಲಿ ಹುದುಗಿ ಗ್ಯಾಸ್ ಆಗುತ್ತದೆ.

ಏನೂ ತಿನ್ನದ 900 ಗ್ರಾಂನ ಪ್ರಾಣಿಗೆ ದಿನಕ್ಕೆ 50ರಿಂದ 70 ಮಿ.ಲೀ. ಬೇಕು. ಒಂದು ಹೊತ್ತಿಗೆ 10ರಿಂದ 12 ಮಿ.ಲೀ.ನಂತೆ ಐದಾರು ಸಲ, ರಾತ್ರಿಯೂ ಒಮ್ಮೆ ಎದ್ದು.

ಸುರಿದು ಹೋಗುವುದಕ್ಕೆ ಕಾರಣ ಸಿರಿಂಜಿನ ಜಾಗ. ಮುಂದಿನಿಂದ ಹಾಕಿದರೆ ನಾಲಿಗೆ ಹೊರಕ್ಕೆ ತಳ್ಳುತ್ತದೆ. ಮುಂಗಾಲು ಒಳಗಿರುವಂತೆ ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಕೂರಿಸಿ, ಅದರ ಬೆನ್ನು ನಿಮ್ಮ ಹೊಟ್ಟೆಗೆ ತಾಗಿರಲಿ. ಹೊಲಿಗೆಯ ಮೇಲೆ ಒತ್ತು ಬೀಳಬಾರದು. ಎಡಗೈ ಬೆರಳುಗಳಿಂದ ಗಲ್ಲದ ಕೆಳಗೆ ಹಗುರವಾಗಿ ಹಿಡಿಯಿರಿ. ಮುಂದಿನ ಉದ್ದ ಹಲ್ಲು ಮತ್ತು ಒಳಗಿನ ದವಡೆ ಹಲ್ಲಿನ ನಡುವೆ ಹಲ್ಲಿಲ್ಲದ ಜಾಗವಿದೆ. ತುಟಿಯ ಪಕ್ಕದಿಂದ 1 ಮಿ.ಲೀ. ಸಿರಿಂಜನ್ನು ಅಲ್ಲಿ ತೂರಿಸಿ, ನಾಲಿಗೆಗೆ ಅಡ್ಡವಾಗಿ ಹಿಡಿಯಿರಿ. ಗಂಟಲಿಗೆ ಗುರಿ ಇಡಬೇಡಿ. ಅರ್ಧ ಮಿ.ಲೀ. ಒತ್ತಿ, ನಿಲ್ಲಿಸಿ. ದವಡೆ ಆಡಿಸುತ್ತ ಅಗಿಯುವುದು ಕಾಣುತ್ತದೆ. ಆಮೇಲೆ ನುಂಗುತ್ತದೆ. ಆಗ ಮುಂದಿನ ಅರ್ಧ. ಅವಸರ ಮಾಡಿ ಎರಡು ಮಿ.ಲೀ. ಒಟ್ಟಿಗೆ ಒತ್ತಿದರೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಮಗುವಿನಂತೆ ಅಂಗಾತ ಮಲಗಿಸಿ ತಿನ್ನಿಸಲೇಬೇಡಿ. ಸಿರಿಂಜ್ ಕಟ್ಟಿಕೊಳ್ಳುತ್ತಿದ್ದರೆ ತುದಿಯನ್ನು ಕತ್ತರಿಸಿ, ಅಂಚನ್ನು ಉಜ್ಜಿ ನುಣ್ಣಗೆ ಮಾಡಿ. ಮುಗಿದ ಮೇಲೆ ಗಲ್ಲ ಒರೆಸಿ, ಇಲ್ಲದಿದ್ದರೆ ಅಂಟು ಒಣಗಿ ಚರ್ಮ ಹುಣ್ಣಾಗುತ್ತದೆ.

ಒಣಹುಲ್ಲು, ಒಂದೆರಡು ಕೊತ್ತಂಬರಿ ಕಡ್ಡಿ, ತೊಳೆದ ಗರಿಕೆ ಯಾವಾಗಲೂ ಮುಂದೆ ಇರಲಿ. ತಾನಾಗಿ ಹುಲ್ಲು ಎಳೆದು ತಿನ್ನತೊಡಗಿದ ದಿನ ಸಿರಿಂಜ್ ಕಡಿಮೆ ಮಾಡಿ, ಒಮ್ಮೆಲೇ ನಿಲ್ಲಿಸಬೇಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನವೂ ಒಂದೇ ಹೊತ್ತಿಗೆ ತೂಗಿ ಬರೆಯಿರಿ. ದಿನಕ್ಕೆ ಐದು ಹತ್ತು ಗ್ರಾಂ ಏರಿಳಿತಕ್ಕೆ ಹೆದರಬೇಕಿಲ್ಲ. ಎರಡು ದಿನದಲ್ಲಿ 50 ಗ್ರಾಂ ಇಳಿದರೆ ಡಾಕ್ಟರಿಗೆ ಫೋನ್ ಮಾಡಿ. ಹಿಕ್ಕೆಯನ್ನೂ ನೋಡುತ್ತಿರಿ. ಮೊದಲ ದಿನ ಸಣ್ಣಗೆ, ಕಪ್ಪಗೆ, ಹನಿಯ ಆಕಾರದಲ್ಲಿ ಬೀಳುವುದುಂಟು, ಊಟ ಸೇರಿದಂತೆ ದುಂಡಗಾಗುತ್ತದೆ. ಹನ್ನೆರಡು ಗಂಟೆ ಒಂದೂ ಹಿಕ್ಕೆ ಇಲ್ಲವೆಂದರೆ ಬೆಳಗಾಗಲೆಂದು ಕಾಯಬೇಡಿ.

ಪ್ರಶ್ನೆ: ಹೊಲಿಗೆಗೆ ಅರಿಶಿನ ಹಚ್ಚಬಹುದೆ? ಕುತ್ತಿಗೆಗೆ ಕಾಲರ್ ಬೇಕೆ?
ಓದುಗರು, ಉಡುಪಿ

ಅರಿಶಿನ, ಎಣ್ಣೆ, ಪೌಡರ್ ಯಾವುದೂ ಬೇಡ. ಒದ್ದೆಯಾದ ಗಾಯಕ್ಕೆ ಕಸ ಅಂಟುತ್ತದೆ, ಪ್ರಾಣಿ ನೆಕ್ಕಿ ಹೊಲಿಗೆ ಬಿಚ್ಚುತ್ತದೆ. ಮರದ ಹೊಟ್ಟು ತೆಗೆದು ಬಿಳಿ ಟವೆಲ್ ಹಾಸಿ, ದಿನಕ್ಕೆರಡು ಸಲ ಬದಲಿಸಿ. ಬಿಳಿಯಾದರೆ ರಕ್ತ, ಕೀವು, ಮೂತ್ರದ ಬಣ್ಣ ಎಲ್ಲ ಕಾಣುತ್ತದೆ. ಮೂತ್ರಕೋಶದ ಆಪರೇಷನ್ ಆದ ಎರಡು ಮೂರು ದಿನ ಮೂತ್ರ ತೆಳು ಗುಲಾಬಿ ಇರುವುದು ನಿರೀಕ್ಷಿತ. ಹೊಲಿಗೆಯ ಅಂಚು ಒಂದಕ್ಕೊಂದು ಕೂಡಿ ಒಣಗಿರಬೇಕು. ಬಿಸಿ, ಊತ, ವಾಸನೆ ಇದ್ದರೆ ತೋರಿಸಿ. ಗಿನಿಪಿಗ್‌ನ ಕೀವು ಗಟ್ಟಿ, ತಾನಾಗಿ ಸೋರಿ ಹೋಗುವುದಿಲ್ಲ. ಹೊರ ಹೊಲಿಗೆ ತೆಗೆಯುವುದು 10ರಿಂದ 14 ದಿನಕ್ಕೆ. ಕಾಲರ್ ಹಾಕಿದರೆ ಹಲವು ಗಿನಿಪಿಗ್‌ಗಳು ಊಟವನ್ನೇ ಬಿಡುತ್ತವೆ. ಹೊಲಿಗೆ ಕಚ್ಚುತ್ತಿದ್ದರೆ ಮೊದಲು ನೋವಿನ ಔಷಧದ ಬಗ್ಗೆ ಕೇಳಿ.

ಪ್ರಶ್ನೆ: ಸೀನು, ಮೂಗು ಸೋರಿಕೆ ಇತ್ತು. ಮಗನಿಗೆ ಬರೆದುಕೊಟ್ಟಿದ್ದ ಅಮಾಕ್ಸಿಸಿಲಿನ್ ಸಿರಪ್ ಎರಡು ಹನಿ ಕೊಟ್ಟೆವು. ತೊಂದರೆ ಇಲ್ಲವೆ?
ಓದುಗರು, ದಾವಣಗೆರೆ

ತೊಂದರೆ ಇದೆ. ಈಗಲೇ ನಿಲ್ಲಿಸಿ, ಇವತ್ತೇ ಡಾಕ್ಟರಿಗೆ ತಿಳಿಸಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಪೆನಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೊಮೈಸಿನ್, ಎರಿಥ್ರೊಮೈಸಿನ್ ಗಿನಿಪಿಗ್‌ನ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ಖಾಲಿಯಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಕೆಲವೇ ದಿನಗಳಲ್ಲಿ ಭೇದಿ, ಸಾವು. ಬ್ಯಾಸಿಟ್ರಾಸಿನ್ ಇರುವ ಗಾಯದ ಮುಲಾಮನ್ನು ನೆಕ್ಕಿದರೂ ಅದೇ ಅಪಾಯ, ಟ್ಯೂಬಿನ ಮೇಲಿನ ಹೆಸರು ಓದಿಯೇ ಹಚ್ಚಿ. ಗಿನಿಪಿಗ್‌ಗೆ ಡಾಕ್ಟರು ಸಾಮಾನ್ಯವಾಗಿ ಆರಿಸುವುದು ಎನ್ರೊಫ್ಲಾಕ್ಸಸಿನ್ ಅಥವಾ ಟ್ರೈಮೆಥೊಪ್ರಿಂ ಸಲ್ಫಾ. ಮನೆಯಲ್ಲಿ ಮೊಲವಿದ್ದರೆ ಬೇರೆ ಕೋಣೆಗೆ ಕಳಿಸಿ. ಮೊಲಕ್ಕೆ ಏನೂ ಆಗದಂತೆ ಅದರ ಮೂಗಿನಲ್ಲಿ ಕೂತಿರುವ ಬಾರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ ಗಿನಿಪಿಗ್‌ಗೆ ನ್ಯುಮೋನಿಯಾ ತರುತ್ತದೆ.

ಪ್ರಶ್ನೆ: ವಿಟಮಿನ್ ಸಿ ಹನಿಯನ್ನು ಕುಡಿಯುವ ನೀರಿಗೆ ಹಾಕುತ್ತಿದ್ದೇವೆ. ಸಾಕೆ?
ಓದುಗರು, ಬೆಂಗಳೂರು

ಸಾಲದು. ನೀರಿನಲ್ಲಿ, ಬೆಳಕಿನಲ್ಲಿ ಅದು ಬೇಗ ಕೆಡುತ್ತದೆ, ರುಚಿ ಬದಲಾದ ನೀರನ್ನು ಪ್ರಾಣಿ ಕಡಿಮೆ ಕುಡಿಯುತ್ತದೆ. ಮನುಷ್ಯರಂತೆ ಗಿನಿಪಿಗ್‌ಗೂ ವಿಟಮಿನ್ ಸಿ ದೇಹದಲ್ಲಿ ತಯಾರಾಗುವುದಿಲ್ಲ. ಆರೋಗ್ಯವಾಗಿದ್ದಾಗ ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿ.ಗ್ರಾಂ, ಕಾಯಿಲೆಯಲ್ಲಿ, ಗಾಯ ಮಾಯುವಾಗ 30ರಿಂದ 50. ನಿಮ್ಮ ಬಾಟಲಿಯ ಮೇಲೆ 1 ಮಿ.ಲೀ.ಗೆ 100 ಮಿ.ಗ್ರಾಂ ಎಂದಿದ್ದರೆ 0.3 ಮಿ.ಲೀ. ನೇರ ಬಾಯಿಗೆ ಕೊಡಿ. ಮಲ್ಟಿವಿಟಮಿನ್ ಬೇಡ, ಎ ಮತ್ತು ಡಿ ಹೆಚ್ಚಾಗುತ್ತದೆ. ದಿನಕ್ಕೊಂದು ತುಂಡು ದಪ್ಪ ಮೆಣಸಿನಕಾಯಿ ಕೊಡುವುದು ಇದಕ್ಕೆ ಒಳ್ಳೆಯ ಜೊತೆ.

ಪ್ರಶ್ನೆ: ಕಲ್ಲು ತೆಗೆಸಿದ್ದೇವೆ. ಮತ್ತೆ ಬಾರದಂತೆ ಏನು ಕೊಡಬೇಕು, ಏನು ಬಿಡಬೇಕು?
ಓದುಗರು, ಮಂಡ್ಯ

ಮತ್ತೆ ಬರುವುದು ಸಾಮಾನ್ಯ. ಪೂರ್ತಿ ತಡೆಯುವ ಆಹಾರವಿಲ್ಲ, ಸಾಧ್ಯತೆ ಕಡಿಮೆ ಮಾಡಬಹುದು. ಬೆಳೆದ ಪ್ರಾಣಿಗೆ ಕುದುರೆ ಮಸಾಲೆ, ಅಂದರೆ ಲೂಸರ್ನ್ ಹುಲ್ಲು ನಿಲ್ಲಿಸಿ. ಅದರ ಪೆಲೆಟ್ ಕೂಡ ಬೇಡ. ನಮ್ಮಲ್ಲಿ ಪ್ರೀತಿಯಿಂದ ಕೊಡುವ ನುಗ್ಗೆ, ಅಗಸೆ, ದಂಟಿನ ಸೊಪ್ಪುಗಳಲ್ಲಿ ಕ್ಯಾಲ್ಸಿಯಂ ಬಹಳ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗುವ ಆಕ್ಸಲೇಟ್ ಕೂಡ ಇದೆ. ರಾಗಿ ನಮಗೆ ಎಷ್ಟು ಒಳ್ಳೆಯದೋ ಇದಕ್ಕೆ ಅಷ್ಟು ಸಲ್ಲದು: 100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ, ಜೊತೆಗೆ ಪಿಷ್ಟ. ಬೋರ್‌ವೆಲ್ ನೀರು ಗಡಸಾಗಿದ್ದರೆ ನೀವು ಕುಡಿಯುವ ಫಿಲ್ಟರ್ ನೀರನ್ನೇ ಇಡಿ. ಸೊಪ್ಪನ್ನು ತೊಳೆದು ನೀರು ಒರೆಸದೆ ಹಾಗೇ ಕೊಡಿ. ಬಾಟಲಿಯ ಜೊತೆ ಒಂದು ಭಾರದ ಬಟ್ಟಲಿನಲ್ಲೂ ನೀರು ಇಟ್ಟರೆ ಹೆಚ್ಚು ಕುಡಿಯುತ್ತದೆ. ಮೂರು ತಿಂಗಳಿಗೆ ಒಂದು ಎಕ್ಸ್‌ರೇ ತೆಗೆಸಿ. ಹೊಸ ಕಲ್ಲು ಸಣ್ಣದಿರುವಾಗ, ಪ್ರಾಣಿ ಗಟ್ಟಿಯಿರುವಾಗ ಸಿಕ್ಕರೆ ಚಿಕಿತ್ಸೆ ಸುಲಭ.

ಪ್ರಶ್ನೆ: ಗಂಡಿಗೆ ಸಂತಾನಹರಣ ಮಾಡಿಸಿದೆವು. ಹೆಣ್ಣಿನ ಜೊತೆ ಯಾವಾಗ ಬಿಡಬಹುದು?
ಓದುಗರು, ಬೆಳಗಾವಿ

ಆರು ವಾರ ಬಿಟ್ಟು. ಅಷ್ಟು ದಿನ ಒಳಗೆ ಉಳಿದ ವೀರ್ಯದಿಂದ ಗರ್ಭ ನಿಲ್ಲಬಹುದು. ಅಲ್ಲಿಯವರೆಗೆ ನಡುವೆ ತಂತಿ ಜಾಲರಿ ಇಟ್ಟು ಅಕ್ಕಪಕ್ಕದಲ್ಲೇ ಇಡಿ. ಒಂದನ್ನೊಂದು ಮೂಸುತ್ತ, ಕೂಗು ಕೇಳುತ್ತ ಇದ್ದರೆ ಎರಡೂ ಚೆನ್ನಾಗಿ ತಿನ್ನುತ್ತವೆ. ಜಾಲರಿಯ ಎರಡೂ ಬದಿಗೆ ತಾಗುವಂತೆ ಹುಲ್ಲಿನ ಒಂದೇ ರಾಶಿ ಹಾಕಿ.