ಓದುಗರ ಹೂದೋಟ: ಸೇವಂತಿಗೆಗೆ ಕತ್ತಲೂ ಬೇಕು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಮಾತು. ಗಿಡ ಚೆನ್ನಾಗಿದೆ, ಹೂ ಮಾತ್ರ ಸರಿಯಿಲ್ಲ, ಯಾವ ಗೊಬ್ಬರ ಹಾಕಲಿ? ಗೊಬ್ಬರದ ಮಾತು ಆಮೇಲೆ ಆಡೋಣ. ಮೊದಲು ಗಿಡದ ಹತ್ತಿರ ಹೋಗಿ ಐದು ನಿಮಿಷ ನಿಲ್ಲಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಎಲೆ ಮಗುಚಿ ನೋಡಿ, ಬುಡದ ಮಣ್ಣು ಕೆದಕಿ ನೋಡಿ. ನಿಮ್ಮ ಪತ್ರಗಳನ್ನು ಓದುವಾಗ ನನಗೆ ಕಾಣುವುದು ಇದೇ: ಉತ್ತರ ಹೆಚ್ಚಾಗಿ ಅಲ್ಲೇ ಗಿಡದ ಮೇಲೆ ಇರುತ್ತದೆ.

ಪ್ರಶ್ನೆ: ಅಮ್ಮ, ಮೆಟ್ಟಿಲ ಪಕ್ಕ ಆರು ಕುಂಡಗಳಲ್ಲಿ ಸೇವಂತಿಗೆ ಇದೆ. ಮೊಣಕಾಲೆತ್ತರ ಬೆಳೆದಿವೆ. ಇದೇ ಗಿಡದ ಸಸಿಯನ್ನು ಪಕ್ಕದ ಮನೆಯವರಿಗೆ ಕೊಟ್ಟಿದ್ದೆ. ಅವರಲ್ಲಿ ಗಿಡದ ತುಂಬಾ ಮೊಗ್ಗು, ನಮ್ಮಲ್ಲಿ ಒಂದೂ ಇಲ್ಲ. ಈಚೆಗೆ ಮಕ್ಕಳು ಎಡವದಿರಲಿ ಅಂತ ಮೆಟ್ಟಿಲಿಗೆ ದೀಪ ಹಾಕಿಸಿದ್ದು ಬಿಟ್ಟರೆ ಬೇರೇನೂ ಬದಲಾಗಿಲ್ಲ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಲ್ಲೇ ಉತ್ತರ ಇದೆ. ಆ ದೀಪವೇ ಕಾರಣ.

ನನಗೂ ಇದು ತಿಳಿಯಲು ಎರಡು ವರ್ಷ ಬೇಕಾಯಿತು. ನಮ್ಮ ಮಹಡಿಯಲ್ಲಿ ಒಂದೇ ಸಾಲಿನಲ್ಲಿ ಒಂಬತ್ತು ಕುಂಡ ಇಟ್ಟಿದ್ದೆ. ಬಾಗಿಲಿನ ಬಲ್ಬಿನ ಕೆಳಗಿದ್ದ ಮೂರು ಹೂ ಬಿಡಲಿಲ್ಲ. ನೀರಿನ ಟ್ಯಾಂಕಿನ ನೆರಳಿಗಿದ್ದ ಆರು ಚೆನ್ನಾಗಿ ಬಿಟ್ಟವು. ಮೊದಲ ವರ್ಷ ಮಣ್ಣು ಬದಲಿಸಿದೆ. ಎರಡನೆಯ ವರ್ಷವೂ ಅದೇ ಕತೆ. ಒಂದು ರಾತ್ರಿ ಬಟ್ಟೆ ತೆಗೆಯಲು ಹೋದಾಗ ಆ ಮೂರೂ ಕುಂಡ ಬೆಳಕಿನಲ್ಲಿ ಹೊಳೆಯುತ್ತಾ ನಿಂತಿದ್ದನ್ನು ಕಂಡೆ. ಆಗ ಅರ್ಥವಾಯಿತು.

ಸೇವಂತಿಗೆ ಹೂ ಬಿಡುವ ಕಾಲವನ್ನು ರಾತ್ರಿಯ ಉದ್ದದಿಂದ ತಿಳಿಯುತ್ತದೆ. ಹಗಲು ಚಿಕ್ಕದಾಗಿ ರಾತ್ರಿ ಉದ್ದವಾದಾಗ ಎಲೆಗಳು ಅದನ್ನು ಗುರುತಿಸಿ ಮೊಗ್ಗು ಕಟ್ಟುವ ಸೂಚನೆಯನ್ನು ತುದಿಗೆ ಕಳಿಸುತ್ತವೆ. ಗಿಡಗಳ ಈ ಲೆಕ್ಕವನ್ನು 1920ರಲ್ಲಿ ಜಗತ್ತಿಗೆ ತಿಳಿಸಿದವರು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್. ಅವರ ಬಳಿ ಒಂದು ತಂಬಾಕಿನ ತಳಿ ಇತ್ತು. ಬೇಸಿಗೆಯಲ್ಲಿ ಆಳೆತ್ತರ ಬೆಳೆಯುತ್ತಿತ್ತು, ಹೂ ಮಾತ್ರ ಇಲ್ಲ. ಅದನ್ನು ದಿನವೂ ಮಧ್ಯಾಹ್ನದ ಮೇಲೆ ಕತ್ತಲೆ ಕೋಣೆಗೆ ಸೇರಿಸಿದರು. ಬೇಸಿಗೆಯಲ್ಲೇ ಹೂ ಬಿಟ್ಟಿತು! ಲೆಕ್ಕಕ್ಕೆ ಬರುವುದು ಎಡೆಬಿಡದ ಕತ್ತಲು ಅಂತ ಮುಂದೆ ಗೊತ್ತಾಯಿತು. ನಡುರಾತ್ರಿ ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಸೇವಂತಿಗೆಯ ಪಾಲಿಗೆ ಆ ಉದ್ದ ರಾತ್ರಿ ಎರಡು ಚಿಕ್ಕ ರಾತ್ರಿಗಳಾಗಿಬಿಡುತ್ತದೆ.

ದೀಪ ತೆಗೆಯಬೇಡಿ, ಮಕ್ಕಳು ಮುಖ್ಯ. ಕುಂಡಗಳನ್ನು ಮನೆಯ ಹಿಂದಕ್ಕೆ ಸಾಗಿಸಿ. ಜಾಗ ಇಲ್ಲದಿದ್ದರೆ ಸಂಜೆ 6ರಿಂದ ಬೆಳಿಗ್ಗೆ 8ರವರೆಗೆ ದಪ್ಪ ಕಪ್ಪು ಬಟ್ಟೆಯ ಗೂಡು ಮುಚ್ಚಿ. ಒಂದು ದಿನವೂ ತಪ್ಪಿಸಬೇಡಿ. ಮೊಗ್ಗು ಬಣ್ಣ ತೋರಿದ ಮೇಲೆ ಮುಚ್ಚುವುದು ಬೇಕಿಲ್ಲ. ಕತ್ತಲು ಶುರುವಾದ ದಿನದಿಂದ ಹೂ ಅರಳಲು 8ರಿಂದ 10 ವಾರ ಬೇಕು. ತುದಿ ಚಿವುಟುವ ಕೆಲಸ ಈಗ ಬೇಡ. ಅದು ಗಿಡ ಬೆಳೆಯುವ ಕಾಲದ ಕೆಲಸ.

ಪ್ರಶ್ನೆ: ಮೇಡಂ, ಮೂರು ವರ್ಷ ಕಡುಗೆಂಪು ಹೂ ಕೊಟ್ಟ ಗುಲಾಬಿ ಗಿಡದಲ್ಲಿ ಈಗ ಗೊಂಚಲು ಗೊಂಚಲಾಗಿ ಚಿಕ್ಕ ಬಿಳಿ ಹೂ ಬರುತ್ತಿದೆ. ಗುಲಾಬಿ ಬಣ್ಣ ಬದಲಿಸುತ್ತದೆಯೇ?

ಉತ್ತರ: ನಿಮ್ಮ ಕುಂಡದಲ್ಲಿ ಮೊದಲಿನಿಂದಲೂ ಎರಡು ಗಿಡಗಳಿವೆ. ಬೇರು ಒಂದು ಗಟ್ಟಿ ಕಾಡುಜಾತಿಯದು. ಅದರ ಮೇಲೆ ಕೆಂಪು ಗುಲಾಬಿಯ ಒಂದು ಕಣ್ಣನ್ನು ಕೂರಿಸಿ ಕಸಿ ಮಾಡಿರುತ್ತಾರೆ. ಬುಡದಲ್ಲಿ ಊದಿಕೊಂಡ ಗಂಟು ಕಾಣುತ್ತದೆ ಅಲ್ವಾ, ಅದೇ ಕಸಿಯ ಜಾಗ. ಆ ಗಂಟಿನ ಕೆಳಗಿನಿಂದ ಹೊರಟ ಚಿಗುರು ಬೇರಿನ ಗಿಡದ್ದು. ಅದಕ್ಕೆ ಶಕ್ತಿ ಜಾಸ್ತಿ. ಬಿಟ್ಟರೆ ಮೇಲಿನ ಗಿಡವನ್ನು ಸೊರಗಿಸಿಬಿಡುತ್ತದೆ.

ಎಲೆ ಎಣಿಸಿ ಗುರುತಿಸಬಹುದು, ಏಳು ಎಲೆ ಇದ್ದರೆ ಕಾಡುಜಾತಿ, ಐದಿದ್ದರೆ ಒಳ್ಳೆಯದು ಅಂತ ಹೇಳುವವರಿದ್ದಾರೆ. ನಂಬಬೇಡಿ. ಎಷ್ಟೋ ಒಳ್ಳೆಯ ಗುಲಾಬಿಗಳಲ್ಲೂ ಏಳು ಇರುತ್ತವೆ. ಹಾಗೆ ಎಣಿಸಿ ಒಳ್ಳೆಯ ಕೊಂಬೆ ಕತ್ತರಿಸಿಕೊಂಡವರು ನನಗೆ ಪತ್ರ ಬರೆದಿದ್ದಾರೆ. ಮಣ್ಣು ಸರಿಸಿ ಚಿಗುರು ಎಲ್ಲಿಂದ ಹುಟ್ಟಿದೆ ಅಂತ ಕಣ್ಣಾರೆ ನೋಡುವುದೊಂದೇ ದಾರಿ. ಗಂಟಿನ ಕೆಳಗಿನದಾದರೆ ಕೈಗವಸು ಹಾಕಿಕೊಂಡು, ಬುಡದಿಂದ ಕೆಳಕ್ಕೆ ಜಗ್ಗಿ ಕಿತ್ತುಬಿಡಿ. ಕತ್ತರಿಯಿಂದ ಕತ್ತರಿಸಿದರೆ ಉಳಿದ ಮೋಟಿನಿಂದ ಮತ್ತೆ ನಾಲ್ಕು ಬರುತ್ತವೆ.

ಮೇಲಿನ ಕೆಂಪು ಕೊಂಬೆ ಇನ್ನೂ ಹಸಿರಾಗಿದೆಯೇ ಅಂತ ನೀವು ಬರೆದಿಲ್ಲ. ಉಗುರಿನಿಂದ ಸ್ವಲ್ಪ ಗೀರಿ. ಒಳಗೆ ಹಸಿರಿದ್ದರೆ ಗಿಡ ಉಳಿಯುತ್ತದೆ. ಕಂದು ಬಣ್ಣವಿದ್ದರೆ ಆ ಕೆಂಪು ಗುಲಾಬಿ ಹೋಯಿತು ಅಂತಲೇ ಅರ್ಥ, ಬೇಸರದ ಮಾತು.

ಪ್ರಶ್ನೆ: ಜಿನಿಯಾ ಹೂಗಳನ್ನು ಹೂದಾನಿಯಲ್ಲಿಟ್ಟರೆ ಮಾರನೇ ದಿನವೇ ಕತ್ತು ಬಗ್ಗಿಸುತ್ತವೆ. ಯಾಕೆ?

ಉತ್ತರ: ಬೇಗ ಕೊಯ್ಯುತ್ತಿದ್ದೀರಿ. ಹೂವಿನಿಂದ ಒಂದು ಗೇಣು ಕೆಳಗೆ ದಂಟನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕತ್ತು ಓಲಾಡಿದರೆ ಇನ್ನೆರಡು ದಿನ ಬಿಡಿ. ಕಡ್ಡಿಯಂತೆ ನೆಟ್ಟಗೆ ನಿಂತರೆ ಕೊಯ್ಯಿರಿ. ನೀರಿನೊಳಗೆ ಎಲೆ ಮುಳುಗಬಾರದು, ಕೊಳೆತು ನೀರು ಕೆಡುತ್ತದೆ.

ಪ್ರಶ್ನೆ: ದಾಸವಾಳದ ಮೊಗ್ಗುಗಳು ಅರಳುವ ಮೊದಲೇ ಉದುರುತ್ತಿವೆ. ಗಿಡದ ಮೇಲೆ ಇರುವೆಗಳೂ ಓಡಾಡುತ್ತವೆ. ಇರುವೆ ಮೊಗ್ಗು ಕಡಿಯುತ್ತಿದೆಯೇ? ಇನ್ನೊಂದು: ಮುದ್ದೆ ದಾಸವಾಳ ಚಂದವೋ, ಐದು ದಳದ್ದು ಚಂದವೋ?

ಉತ್ತರ: ಇರುವೆ ಕಡಿಯುತ್ತಿಲ್ಲ, ಆದರೆ ಸುಮ್ನೆ ಬಂದದ್ದೂ ಅಲ್ಲ. ಎಲೆಯ ಕೆಳಭಾಗ, ಮೊಗ್ಗಿನ ತೊಟ್ಟು, ಕೊಂಬೆಯ ಸಂದುಗಳನ್ನು ನೋಡಿ. ಬಿಳಿ ಹತ್ತಿಯಂತೆ ಅಂಟಿಕೊಂಡಿರುವುದು ಹಿಟ್ಟು ತಿಗಣೆ. ಅದು ಗಿಡದ ರಸ ಹೀರಿ ಸಿಹಿ ಅಂಟು ಬಿಡುತ್ತದೆ. ಇರುವೆ ಆ ಸಿಹಿಗಾಗಿ ಬರುತ್ತದೆ. ಅಷ್ಟೇ ಅಲ್ಲ, ತಿಗಣೆಯನ್ನು ತಿನ್ನಲು ಬರುವ ಹುಳುಗಳನ್ನು ಓಡಿಸುತ್ತದೆ.

ಮೊದಲು ನೀರನ್ನು ಜೋರಾಗಿ ಹಾಯಿಸಿ ತೊಳೆಯಿರಿ, ಎಲೆಯ ಕೆಳಗಿನಿಂದ. ಆಮೇಲೆ ಒಂದು ಲೀಟರ್ ನೀರಿಗೆ ಒಂದು ಚಿಕ್ಕ ಚಮಚ ಮೆದುವಾದ ದ್ರವ ಸೋಪು ಬೆರೆಸಿ. ಒಂದೆರಡು ಎಲೆಗೆ ಹಾಕಿ ಒಂದು ದಿನ ಕಾದು, ಎಲೆ ಸುಡದಿದ್ದರೆ ಇಡೀ ಗಿಡಕ್ಕೆ ಸಿಂಪಡಿಸಿ. ಬಿಸಿಲಿಳಿದ ಮೇಲೆ ಮಾಡಿ. ವಾರಕ್ಕೊಮ್ಮೆಯಂತೆ ಮೂರು ವಾರ. ತಿಗಣೆಯೇ ಇಲ್ಲದಿದ್ದರೆ ನೀರಿನ ಲೆಕ್ಕ ತಪ್ಪಿದೆ. ಕುಂಡ ಒಂದು ದಿನ ಪೂರ್ತಿ ಒಣಗಿ ಮರುದಿನ ನೀರಲ್ಲಿ ಮುಳುಗಿದರೂ ದಾಸವಾಳ ಮೊಗ್ಗು ಉದುರಿಸುತ್ತದೆ.

ಇನ್ನು ಚಂದದ ಮಾತು. ನನ್ನ ಮನಸ್ಸು ಐದು ದಳದ ಕಡೆಗೆ. ಮುದ್ದೆ ಹೂವಿನಲ್ಲಿ ಜಾಸ್ತಿ ಕಾಣುವ ದಳಗಳು ಬಹುಪಾಲು ಕೇಸರಗಳೇ ಬದಲಾಗಿ ಆದವು. ಐದು ದಳದ ಹೂವಿನಲ್ಲಿ ಎಲ್ಲವೂ ತೆರೆದಿಟ್ಟಂತೆ ಇರುತ್ತದೆ. ನಡುವಿನಿಂದ ಉದ್ದಕ್ಕೆ ಚಾಚಿದ ಕೋಲು, ಅದರ ಸುತ್ತ ಹಳದಿ ಪರಾಗದ ಚಿಕ್ಕ ಗುಂಡುಗಳು, ತುದಿಯಲ್ಲಿ ಐದು ಮೆತ್ತನೆಯ ಚುಕ್ಕೆಗಳು. ಒಮ್ಮೆ ಕಣ್ಣಿನ ಹತ್ತಿರ ಹಿಡಿದು ನೋಡಿ. ಸಾಮಾನ್ಯ ದಾಸವಾಳದ ಹೂ ಒಂದೇ ದಿನ ಇರುತ್ತದೆ. ಆ ಒಂದು ದಿನಕ್ಕೆ ಇಷ್ಟೆಲ್ಲ ಮಾಡಿಕೊಂಡು ಬರುತ್ತದಲ್ಲ ಅಂತ ನನಗೆ ಈಗಲೂ ಬೆರಗು.

ಪ್ರಶ್ನೆ: ಅಜ್ಜಿ, ನಾನು ಐದನೇ ಕ್ಲಾಸು. ನಮ್ಮ ಸಂಜೆಮಲ್ಲಿಗೆ ಗಿಡದಲ್ಲಿ ಒಂದು ಹೂ ಹಳದಿ, ಒಂದು ಗುಲಾಬಿ, ಒಂದರಲ್ಲಿ ಎರಡೂ ಬಣ್ಣದ ಗೆರೆ. ಒಂದೇ ಗಿಡ ಹೇಗೆ ಹೀಗೆ ಮಾಡುತ್ತದೆ?

ಉತ್ತರ: ಪುಟ್ಟಿ, ಈ ತಿಂಗಳ ಎಲ್ಲ ಪ್ರಶ್ನೆಗಳಲ್ಲಿ ನಿನ್ನದೇ ನನಗೆ ತುಂಬಾ ಇಷ್ಟವಾದದ್ದು.

ಹೂವಿಗೆ ಯಾವ ಬಣ್ಣ ಬರಬೇಕು ಅನ್ನುವ ಸೂಚನೆ ಗಿಡದ ಒಂದೊಂದು ಜೀವಕೋಶದಲ್ಲೂ ಬರೆದಿರುತ್ತದೆ. ಅದನ್ನು ಜೀನ್ ಅನ್ನುತ್ತಾರೆ. ಸಂಜೆಮಲ್ಲಿಗೆಯಲ್ಲಿ ಜಾಗ ಬಿಟ್ಟು ಜಾಗ ಜಿಗಿಯುವ ಒಂದು ತುಣುಕು ಇದೆ. ಅದು ಬಣ್ಣದ ಜೀನಿನೊಳಗೆ ಕೂತರೆ ಆ ಬಣ್ಣ ತಯಾರಾಗುವುದಿಲ್ಲ. ಎದ್ದುಹೋದರೆ ಮತ್ತೆ ತಯಾರಾಗುತ್ತದೆ. ಹೂ ಬೆಳೆಯುವಾಗ ಬೇಗ ಎದ್ದರೆ ಅಗಲ ಪಟ್ಟೆ, ತಡವಾಗಿ ಎದ್ದರೆ ಚಿಕ್ಕ ಚುಕ್ಕೆ. ಹಾಗಾಗಿ ಇವತ್ತಿನ ಹೂವಿನ ಗೆರೆ ನಾಳೆಯ ಹೂವಿನಲ್ಲಿ ಹಾಗೆಯೇ ಇರುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಹೂವಿನ ಚಿತ್ರ ಬರೆದಿಡು. ತಿಂಗಳ ಕೊನೆಗೆ ನನಗೂ ಒಂದು ಪುಟ ಕಳಿಸು.

ನೂರು ವರ್ಷಕ್ಕೂ ಹಿಂದೆ ಜರ್ಮನಿಯ ಕಾರ್ಲ್ ಕೊರೆನ್ಸ್ ಎಂಬ ವಿಜ್ಞಾನಿ ಇದೇ ಗಿಡವನ್ನು ಬೆಳೆಸಿ, ತಾಯಿ ಗಿಡದಿಂದ ಮರಿ ಗಿಡಕ್ಕೆ ಏನೇನು ಬರುತ್ತದೆ ಅಂತ ಅಭ್ಯಾಸ ಮಾಡಿದರು. ನಿನ್ನ ಹಾಗೆಯೇ ಅವರೂ ಬಣ್ಣ ನೋಡಿ ಲೆಕ್ಕ ಬರೆದವರು. ಒಂದು ಎಚ್ಚರಿಕೆ: ಇದರ ಬೀಜ, ಬೇರು ಬಾಯಿಗೆ ಹಾಕಬಾರದು, ವಿಷ. ಆಡಿದ ಮೇಲೆ ಕೈ ತೊಳೆದುಕೋ.

ಪ್ರಶ್ನೆ: ಕಾಗದದ ಹೂವಿನ ಬಳ್ಳಿಗೆ ದಿನಾ ನೀರು, ವಾರಕ್ಕೊಮ್ಮೆ ಗೊಬ್ಬರ ಕೊಡುತ್ತೇನೆ. ಬರೀ ಎಲೆ, ಮುಳ್ಳು.

ಉತ್ತರ: ಗೊಬ್ಬರ ನಿಲ್ಲಿಸಿ. ನೀರು ಕಡಿಮೆ ಮಾಡಿ. ಮೇಲಿನ ಒಂದೆರಡು ಅಂಗುಲ ಮಣ್ಣು ಒಣಗಿದ ಮೇಲೆ ಮಾತ್ರ ಕೊಡಿ. ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ಉದ್ದ ಕೊಂಬೆಗಳನ್ನು ಮೂರರಲ್ಲಿ ಒಂದು ಭಾಗ ಕತ್ತರಿಸಿ, ಹೊಸ ಚಿಗುರಿನ ಮೇಲೆ ಹೂ ಬರುತ್ತದೆ.

ಈ ಬಳ್ಳಿ, ಮೇಲೆ ಪುಟ್ಟಿ ಕೇಳಿದ ಸಂಜೆಮಲ್ಲಿಗೆಯ ನೆಂಟ, ಎರಡೂ ಒಂದೇ ಕುಟುಂಬ. ನಾವು ಹೂ ಅನ್ನುವ ಬಣ್ಣದ ಕಾಗದಗಳು ನಿಜವಾಗಿ ಎಲೆಗಳು. ಮೂರರ ನಡುವೆ ಕಡ್ಡಿಯಂತೆ ನಿಂತಿರುವ ಚಿಕ್ಕ ಬಿಳಿ ಕೊಳವೆಗಳೇ ಹೂ. ಇದನ್ನು 1767ರಲ್ಲಿ ಬ್ರೆಜಿಲ್‌ನಲ್ಲಿ ಫ್ರಾನ್ಸಿನ ಕಾಮರ್ಸನ್ ಎಂಬ ಸಸ್ಯವಿಜ್ಞಾನಿ ಸಂಗ್ರಹಿಸಿದ. ತಾನು ಹೊರಟಿದ್ದ ಸಮುದ್ರಯಾನದ ನಾಯಕ ಬೂಗನ್‌ವಿಲ್‌ನ ಹೆಸರಿಟ್ಟ. ಕಾಮರ್ಸನ್ ಜೊತೆ ಗಿಡ ಹೊತ್ತು ತಿರುಗಿದ ಸಹಾಯಕಿ ಜೀನ್ ಬರೆ. ಹೆಂಗಸರಿಗೆ ಹಡಗು ಹತ್ತಲು ಬಿಡದ ಕಾಲ, ಗಂಡಸಿನ ವೇಷ ಹಾಕಿಕೊಂಡು ಹೊರಟವಳು. ಭೂಮಿಯನ್ನು ಸುತ್ತಿ ಬಂದ ಮೊದಲ ಹೆಂಗಸು ಅಂತ ಅವಳನ್ನು ಗುರುತಿಸುತ್ತಾರೆ. ನಾನು ಈ ಬಳ್ಳಿ ಕತ್ತರಿಸುವಾಗಲೆಲ್ಲ ಅವಳನ್ನು ನೆನೆಯುತ್ತೇನೆ.

ಪ್ರಶ್ನೆ: ದೊಡ್ಡ ಚೆಂಡು ಹೂವಿನ ಬೀಜ ಎತ್ತಿಟ್ಟು ಬಿತ್ತಿದೆ. ಹೂ ಚಿಕ್ಕದಾಯಿತು. ನನ್ನ ತಪ್ಪೇ?

ಉತ್ತರ: ಅಲ್ಲ. ಅದು ಹೈಬ್ರಿಡ್ ಆಗಿದ್ದಿರಬೇಕು. ಅದರ ಬೀಜದಿಂದ ತಾಯಿಯಂಥದೇ ಗಿಡ ಬರುವುದಿಲ್ಲ, ಒಂದೊಂದು ಒಂದೊಂದು ಥರ. ಬಂದವುಗಳಲ್ಲಿ ನಿಮಗೆ ಹಿಡಿಸಿದ ಗಿಡದ ಬೀಜವನ್ನೇ ಪ್ರತಿ ವರ್ಷ ಆರಿಸುತ್ತಾ ಹೋಗಿ.

ಪ್ರಶ್ನೆ: ಅಮ್ಮ ನೆಟ್ಟ ಮಲ್ಲಿಗೆ ಬಳ್ಳಿಗೆ ಇಪ್ಪತ್ತು ವರ್ಷವಾಗಿರಬಹುದು. ಅಮ್ಮ ಈಗ ಇಲ್ಲ. ನಾಲ್ಕು ತಿಂಗಳಲ್ಲಿ ಮನೆ ಬಿಡುತ್ತಿದ್ದೇವೆ. ಬುಡ ತುಂಬಾ ದಪ್ಪ, ಕೀಳಲು ಆಗುವುದಿಲ್ಲ. ನನಗೂ ತಂಗಿಗೂ ಅದೊಂದನ್ನು ಬಿಟ್ಟು ಹೋಗಲು ಮನಸ್ಸಿಲ್ಲ.

ಉತ್ತರ: ಬಿಟ್ಟು ಹೋಗಬೇಕಾಗಿಲ್ಲ. ನಾಲ್ಕು ತಿಂಗಳು ಸಾಕು, ಆದರೆ ಈ ವಾರವೇ ಶುರು ಮಾಡಿ.

ಬೀಜದಿಂದ ಹುಟ್ಟಿದರೆ ಅದು ಗಿಡದ ಮಗು. ಕೊಂಬೆಗೆ ಬೇರು ಬರಿಸಿದರೆ ಅದು ಅದೇ ಗಿಡ, ಅಮ್ಮ ಕೈಯಾರೆ ನೆಟ್ಟದ್ದೇ. ಹಳೆಯ ಗುಲಾಬಿಗಳೆಲ್ಲ ಹೀಗೇ ಉಳಿದಿವೆ. 1867ರ 'ಲಾ ಫ್ರಾನ್ಸ್' ಎಂಬ ಗುಲಾಬಿ ಇವತ್ತಿಗೂ ಬದುಕಿರುವುದು ಕೈಯಿಂದ ಕೈಗೆ ಬಂದ ಕಣ್ಣು, ಕಡ್ಡಿಗಳಿಂದ. ನನ್ನ ಅತ್ತೆಯ ಮಲ್ಲಿಗೆಯನ್ನು ನಾನು ಎರಡು ಮನೆ ದಾಟಿಸಿದ್ದೇನೆ. ಮೊಗ್ಗು ಬಿಡುವಾಗ ಅದೇ ಘಮ. ಆಗೆಲ್ಲ ಅವರು ಹಿತ್ತಲಲ್ಲಿ ಇದ್ದಾರೆ ಅನ್ನಿಸುತ್ತದೆ.

ನೆಲದ ಹತ್ತಿರದ, ಬಗ್ಗುವ, ಪೆನ್ಸಿಲ್ ದಪ್ಪದ ಕೊಂಬೆ ಆರಿಸಿ. ತೀರಾ ಎಳೆಯದು ಬೇಡ. ನಡುವಿನ ಒಂದು ಗೆಣ್ಣಿನ ಕೆಳಗೆ ಚಾಕುವಿನಿಂದ ಓರೆಯಾಗಿ, ಅರ್ಧ ದಪ್ಪಕ್ಕಿಂತ ಕಡಿಮೆ ಸೀಳಿ. ಆ ಭಾಗವನ್ನು ಮೂರು ಅಂಗುಲ ಆಳಕ್ಕೆ ಬಗ್ಗಿಸಿ ಮಣ್ಣಲ್ಲಿ ಹೂತು ಮೇಲೆ ಕಲ್ಲು ಹೇರಿ. ತುದಿ ಹೊರಗೆ ಬಿಸಿಲಲ್ಲಿರಲಿ. ನೆಲದ ಬದಲು ಪಕ್ಕದಲ್ಲೇ ಮಣ್ಣು ತುಂಬಿದ ಕುಂಡ ಇಟ್ಟು ಅದರಲ್ಲಿ ಹೂತರೆ ಇನ್ನೂ ಒಳ್ಳೆಯದು, ಆಮೇಲೆ ಬೇರು ಅಲುಗಿಸುವ ಕೆಲಸವೇ ಇಲ್ಲ. ಮಣ್ಣು ಒಣಗಬಾರದು. ಎರಡು ಮೂರು ತಿಂಗಳಲ್ಲಿ ಬೇರು ಬರುತ್ತದೆ. ತುದಿಯನ್ನು ಮೆಲ್ಲಗೆ ಜಗ್ಗಿದಾಗ ಬಿಗಿಯಾಗಿ ಹಿಡಿದುಕೊಂಡರೆ ತಾಯಿ ಬಳ್ಳಿಯ ಕಡೆಯಿಂದ ಕತ್ತರಿಸಿ. ಕತ್ತರಿಸಿದ ಮೇಲೆ ಎರಡು ವಾರ ಅಲ್ಲೇ ನೆರಳಲ್ಲಿ ಬಿಟ್ಟು ಆಮೇಲೆ ಸಾಗಿಸಿ.

ಒಂದೇ ಕೊಂಬೆ ನಂಬಿ ಕೂರಬೇಡಿ. ನಾಲ್ಕು ಕುಂಡ ಇಡಿ. ಎರಡು ನಿಮಗೆ, ಎರಡು ತಂಗಿಗೆ. ಯಾವತ್ತಾದರೂ ನಿಮ್ಮದು ಒಣಗಿದರೆ ಅವರ ಮನೆಯಿಂದ ಒಂದು ಕಡ್ಡಿ ತರಬಹುದು.